ಚುನಾವಣೆ ವರ್ಷದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕುರ್ಚಿ ಖಾಲಿಯಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಹತ್ತಿರ ಬಂತು ಅಂದರೆ ಸಾಕು, ಈ ಪ್ರಶ್ನೆಗಳು ಶುರುವಾಗುತ್ತವೆ. ಕೆಲವನ್ನು ಮದುವೆಮನೆಯ ಪಂಕ್ತಿಯಲ್ಲಿ ಕೂತಾಗ ಕೇಳಿದ್ದಾರೆ. ಕೆಲವು ಪತ್ರದಲ್ಲಿ ಬಂದಿವೆ. ಮಕ್ಕಳು ಅಲ್ಲಿ ಕೆಲಸದಲ್ಲಿರುವ ಅಪ್ಪ ಅಮ್ಮಂದಿರು ಫೋನ್ ಮಾಡಿ ಕೇಳಿದ್ದೂ ಇದೆ. ಪ್ರಶ್ನೆಗಳನ್ನು ಅವರವರ ಮಾತಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಗಂಟಿನದ್ದು ಆಮೇಲೆ. ಈ ವಿಷಯದಲ್ಲಿ ನನಗೆ ನನ್ನದೇ ಒಂದು ನಿಲುವಿದೆ. ಅದನ್ನು ಮುಚ್ಚಿಟ್ಟಿಲ್ಲ.

## ಮೊದಲು ತಿಳಿಯಬೇಕಾದ್ದು

ಅಲ್ಲಿನ ಪೇಪರಲ್ಲಿ "ಹೈ ಕೋರ್ಟ್" ಅಂತ ಬರೀತಾರಲ್ಲ, ಅದು ನಮ್ಮ ಬೆಂಗಳೂರಿನ ಹೈಕೋರ್ಟ್ ಥರಾನಾ?

ಅಲ್ಲ. ಈ ಒಂದು ಪದದಿಂದ ತುಂಬಾ ಜನ ದಾರಿ ತಪ್ಪುತ್ತಾರೆ. ನಮಗೆ ಹೈಕೋರ್ಟ್ ಅಂದರೆ ಅಠಾರಾ ಕಚೇರಿಯ ಕೆಂಪು ಕಟ್ಟಡ, ಅದರ ಮೇಲೆ ದೆಹಲಿಯ ಸುಪ್ರೀಂ ಕೋರ್ಟ್. ಅಮೆರಿಕದ ಪತ್ರಕರ್ತರು "ಹೈ ಕೋರ್ಟ್" ಎಂದು ಬರೆದರೆ ಸಾಮಾನ್ಯವಾಗಿ ಅದು ವಾಷಿಂಗ್ಟನ್‌ನ ಸುಪ್ರೀಂ ಕೋರ್ಟೇ. ಅದರ ಮೇಲೆ ಇನ್ನೊಂದು ಕೋರ್ಟಿಲ್ಲ. ಇಲ್ಲಿ ಹೇಳುವುದೆಲ್ಲ ಬಹುಪಾಲು ಅದರ ಬಗ್ಗೆಯೇ.

ಒಟ್ಟು ಎಷ್ಟು ಜನ ಜಡ್ಜ್‌ಗಳು? ರಿಟೈರ್ ಯಾವಾಗ ಆಗ್ತಾರೆ?

ಒಂಬತ್ತು ಜನ. 1869ರಿಂದ ಇದೇ ಸಂಖ್ಯೆ. ರಿಟೈರ್ ಆಗಲು ವಯಸ್ಸಿನ ಮಿತಿ ಇಲ್ಲ. ನಮ್ಮಲ್ಲಿ ಸುಪ್ರೀಂ ಕೋರ್ಟಿಗೆ 65, ಹೈಕೋರ್ಟಿಗೆ 62. ಅಲ್ಲಿ ನಡತೆ ಚೆನ್ನಾಗಿರುವ ತನಕ ಹುದ್ದೆ ಅವರದ್ದೇ, ಅಂದರೆ ಬದುಕಿರುವ ತನಕ. ತಾವಾಗಿಯೇ ಬಿಟ್ಟರೆ ಬಿಡಬಹುದು.

ಜಗಳದ ಬೇರು ಇಲ್ಲೇ ಇದೆ. ಕುರ್ಚಿ ಯಾವಾಗ ಖಾಲಿಯಾಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಜಿಮ್ಮಿ ಕಾರ್ಟರ್ ನಾಲ್ಕು ವರ್ಷ ಅಧ್ಯಕ್ಷರಾಗಿದ್ದರೂ ಒಬ್ಬರನ್ನೂ ನೇಮಿಸುವ ಅವಕಾಶ ಸಿಗಲಿಲ್ಲ. ಡೊನಾಲ್ಡ್ ಟ್ರಂಪ್‌ಗೆ ಮೊದಲ ನಾಲ್ಕು ವರ್ಷದಲ್ಲೇ ಮೂರು ಸಿಕ್ಕಿದವು.

ಹೊಸ ಜಡ್ಜನ್ನು ಯಾರು ಆರಿಸೋದು?

ಅಧ್ಯಕ್ಷರು ಒಂದು ಹೆಸರು ಸೂಚಿಸುತ್ತಾರೆ. ಅಲ್ಲಿನ ಸಂಸತ್ತಿನ ಮೇಲ್ಮನೆ ಸೆನೆಟ್ ಒಪ್ಪಬೇಕು. ಸೆನೆಟ್‌ನಲ್ಲಿ 100 ಜನ ಇದ್ದಾರೆ, ರಾಜ್ಯಕ್ಕೆ ಇಬ್ಬರಂತೆ. ಹೆಸರು ಮೊದಲು ಸೆನೆಟ್‌ನ ಜುಡಿಷಿಯರಿ ಕಮಿಟಿಗೆ ಹೋಗುತ್ತದೆ. ಅಲ್ಲಿ ಅಭ್ಯರ್ಥಿಯನ್ನು ಟಿವಿ ಕ್ಯಾಮೆರಾಗಳ ಮುಂದೆ ಕೂರಿಸಿ ದಿನಗಟ್ಟಲೆ ಪ್ರಶ್ನೆ ಕೇಳುತ್ತಾರೆ. ಆಮೇಲೆ ಇಡೀ ಸೆನೆಟ್ ವೋಟು ಹಾಕುತ್ತದೆ. ಸರಳ ಬಹುಮತ ಸಾಕು. ಸಮ ಬಿದ್ದರೆ ಉಪಾಧ್ಯಕ್ಷರ ವೋಟು ನಿರ್ಧರಿಸುತ್ತದೆ.

ಅಮೆರಿಕದ ಸಂವಿಧಾನ ಇದಕ್ಕೆ ಖರ್ಚು ಮಾಡಿರುವುದು ಕೆಲವೇ ಪದಗಳನ್ನು. ಎಷ್ಟು ದಿನದೊಳಗೆ ಮುಗಿಸಬೇಕು, ಸೆನೆಟ್ ಉತ್ತರವನ್ನೇ ಕೊಡದಿದ್ದರೆ ಏನು, ಎಂಬ ಮಾತೇ ಅದರಲ್ಲಿಲ್ಲ.

ಚುನಾವಣೆ ವರ್ಷದಲ್ಲಿ ನೇಮಕ ಮಾಡಬಾರದು ಅಂತ ಕಾನೂನು ಇದೆಯಾ?

ಇಲ್ಲ. ಯಾವತ್ತೂ ಇರಲಿಲ್ಲ.

ಜಡ್ಜ್ ಅಂದಮೇಲೆ ಪಾರ್ಟಿ ಯಾಕೆ ಬರುತ್ತೆ?

ಹಿಂದೆ ಇಷ್ಟು ಬರುತ್ತಿರಲಿಲ್ಲ. 1986ರಲ್ಲಿ ಕಟ್ಟಾ ಸಂಪ್ರದಾಯವಾದಿ ಆಂಟೊನಿನ್ ಸ್ಕಲಿಯಾ ಅವರನ್ನು ಸೆನೆಟ್ 98-0ರಿಂದ ಒಪ್ಪಿತು. 1993ರಲ್ಲಿ ಉದಾರವಾದಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರನ್ನು 96-3ರಿಂದ ಒಪ್ಪಿತು. ಈಗ ನೋಡಿ: ನೀಲ್ ಗೋರ್ಸಚ್ 54-45, ಬ್ರೆಟ್ ಕವನಾ 50-48, ಏಮಿ ಕೋನಿ ಬ್ಯಾರೆಟ್ 52-48, ಕೆಟಾಂಜಿ ಬ್ರೌನ್ ಜಾಕ್ಸನ್ 53-47.

ಗರ್ಭಪಾತ, ಬಂದೂಕು, ಚುನಾವಣೆ ಖರ್ಚು, ಆರೋಗ್ಯ ವಿಮೆ. ಸಂಸತ್ತಿನಲ್ಲಿ ತೀರ್ಮಾನ ಆಗದ ಜಗಳಗಳೆಲ್ಲ ಅಲ್ಲಿ ಕೋರ್ಟಿಗೆ ಹೋಗುತ್ತವೆ. ಒಬ್ಬ ಜಡ್ಜ್ 30 ವರ್ಷ ಕೂರಬಹುದು. ಅಧ್ಯಕ್ಷರಿಗೆ ಹೆಚ್ಚೆಂದರೆ 8 ವರ್ಷ. ಹೀಗಿರುವಾಗ ಪಾರ್ಟಿಗಳು ಈ ಕುರ್ಚಿಯ ಮೇಲೆ ಕಣ್ಣಿಡದೇ ಇರುತ್ತವಾ?

ಸ್ಕಲಿಯಾ ಮತ್ತು ಗಿನ್ಸ್‌ಬರ್ಗ್ ತೀರ್ಪುಗಳಲ್ಲಿ ಹಾವು ಮುಂಗುಸಿ. ಹೊರಗೆ ಪ್ರಾಣಸ್ನೇಹಿತರು. 1994ರಲ್ಲಿ ಇಬ್ಬರೂ ಭಾರತಕ್ಕೆ ಬಂದಾಗ ಒಂದೇ ಆನೆಯ ಮೇಲೆ ಕೂತ ಫೋಟೋ ಇದೆ. ಸ್ಕಲಿಯಾ ಮುಂದೆ, ಗಿನ್ಸ್‌ಬರ್ಗ್ ಹಿಂದೆ. ಅವರಿಬ್ಬರ ಸಾವೇ ಈ ಕಾಲದ ಎರಡು ದೊಡ್ಡ ಜಗಳಕ್ಕೆ ಕಾರಣವಾಯಿತು ಅಂತ ನೆನೆದರೆ ಮನಸ್ಸು ಭಾರವಾಗುತ್ತದೆ.

## 2016: ಖಾಲಿ ಉಳಿದ ಕುರ್ಚಿ

2016ರಲ್ಲಿ ಆಗಿದ್ದೇನು? ಮೊದಲಿಂದ ಹೇಳಿ.

2016ರ ಫೆಬ್ರವರಿ 13, ಶನಿವಾರ. ಟೆಕ್ಸಸ್‌ನ ಒಂದು ರ‍್ಯಾಂಚ್‌ಗೆ ಹೋಗಿದ್ದ ಸ್ಕಲಿಯಾ ಅಲ್ಲೇ ತೀರಿಕೊಂಡಿದ್ದು ಗೊತ್ತಾಯಿತು. ವಯಸ್ಸು 79. ಡೆಮಾಕ್ರಟ್ ಪಾರ್ಟಿಯ ಅಧ್ಯಕ್ಷ ಬರಾಕ್ ಒಬಾಮ ಅವರ ಅವಧಿ ಮುಗಿಯಲು ಇನ್ನೂ 11 ತಿಂಗಳು ಇತ್ತು. ಸೆನೆಟ್ ಮಾತ್ರ ಎದುರು ಪಾರ್ಟಿ ರಿಪಬ್ಲಿಕನ್ನರ ಕೈಯಲ್ಲಿತ್ತು, 54 ಸ್ಥಾನ.

ಸುದ್ದಿ ಬಂದು ಹೆಚ್ಚು ಹೊತ್ತಾಗಿರಲಿಲ್ಲ. ಬಹುಮತದ ನಾಯಕ ಮಿಚ್ ಮಕಾನೆಲ್ ಹೇಳಿಕೆ ಕೊಟ್ಟರು. ಮುಂದಿನ ಜಡ್ಜ್ ಯಾರು ಅನ್ನುವುದರಲ್ಲಿ ಜನರ ಮಾತು ನಡೆಯಬೇಕು, ಹೊಸ ಅಧ್ಯಕ್ಷರು ಬರುವ ತನಕ ಈ ಜಾಗ ತುಂಬಬಾರದು ಎಂದರು. ಅದೇ ರಾತ್ರಿ ರಿಪಬ್ಲಿಕನ್ ಅಭ್ಯರ್ಥಿಗಳ ಟಿವಿ ಚರ್ಚೆ ಇತ್ತು. ತಡ ಮಾಡಿ, ತಡ ಮಾಡಿ, ತಡ ಮಾಡಿ ಎಂದು ಟ್ರಂಪ್ ಮೂರು ಸಲ ಹೇಳಿದರು.

ಕೋರ್ಟಿನಲ್ಲಿ ಒಂದು ಹಳೆಯ ಪದ್ಧತಿ ಇದೆ. ಜಡ್ಜ್ ತೀರಿಕೊಂಡರೆ ಅವರ ಕುರ್ಚಿಗೂ, ಅದರ ಎದುರಿನ ಪೀಠದ ಭಾಗಕ್ಕೂ ಕಪ್ಪು ಬಟ್ಟೆ ಹೊದಿಸುತ್ತಾರೆ. ಸ್ಕಲಿಯಾ ಕುರ್ಚಿಗೂ ಹೊದಿಸಿದರು. ಆ ಬಟ್ಟೆಯನ್ನು ಆಮೇಲೆ ತೆಗೆದರು. ಆದರೆ ಅಲ್ಲಿ ಕೂರಲು ಇನ್ನೊಬ್ಬರು ಬಂದಿದ್ದು ಸುಮಾರು 14 ತಿಂಗಳ ನಂತರ.

ಮಾರ್ಚ್ 16ರಂದು ಒಬಾಮ ಮೆರಿಕ್ ಗಾರ್ಲೆಂಡ್ ಹೆಸರು ಸೂಚಿಸಿದರು. ಕಮಿಟಿಯ 11 ರಿಪಬ್ಲಿಕನ್ನರು ಅಷ್ಟರಲ್ಲಾಗಲೇ ವಿಚಾರಣೆಯೇ ಇಲ್ಲ ಎಂದು ಪತ್ರಕ್ಕೆ ಸಹಿ ಹಾಕಿದ್ದರು. ಆಡಿದಂತೆಯೇ ಮಾಡಿದರು. ವಿಚಾರಣೆ ಇಲ್ಲ, ವೋಟೂ ಇಲ್ಲ. 293 ದಿನ ಕಾದು, 2017ರ ಜನವರಿ 3ರಂದು ಹಳೆಯ ಸೆನೆಟ್ ಮುಗಿದಾಗ ಗಾರ್ಲೆಂಡ್ ಹೆಸರು ತಾನಾಗಿಯೇ ಬಿದ್ದುಹೋಯಿತು. ಅಧ್ಯಕ್ಷರಾದ ಟ್ರಂಪ್ ನೀಲ್ ಗೋರ್ಸಚ್ ಅವರನ್ನು ಸೂಚಿಸಿದರು. ಏಪ್ರಿಲ್ 7ಕ್ಕೆ ಸೆನೆಟ್ ಒಪ್ಪಿತು.

ಗಾರ್ಲೆಂಡ್ ಅಷ್ಟು ಕೆಟ್ಟ ಆಯ್ಕೆಯಾಗಿದ್ದರಾ?

ಇಲ್ಲವೇ ಇಲ್ಲ. ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟಿನ ಮುಖ್ಯ ಜಡ್ಜ್ ಆಗಿದ್ದರು. 1995ರ ಒಕ್ಲಹೋಮ ಸಿಟಿ ಬಾಂಬ್ ಪ್ರಕರಣದ ತನಿಖೆಯ ಮೇಲ್ವಿಚಾರಣೆ ಮಾಡಿದವರು. ವಯಸ್ಸು 63 ಆಗಿದ್ದರಿಂದ ಹೆಚ್ಚು ವರ್ಷ ಕೂರುವವರೂ ಅಲ್ಲ. ಒಬಾಮ ಹೆಸರು ಹೇಳುವ ಕೆಲವೇ ದಿನ ಮೊದಲು ರಿಪಬ್ಲಿಕನ್ ಹಿರಿಯ ಸೆನೆಟರ್ ಆರಿನ್ ಹ್ಯಾಚ್ ಗಾರ್ಲೆಂಡ್ ಅವರನ್ನು ಒಳ್ಳೆಯ ಮನುಷ್ಯ ಎಂದು ಹೊಗಳಿ, ಒಬಾಮ ಇಂಥವರನ್ನು ಸೂಚಿಸಬಹುದು ಎಂದಿದ್ದರು. ಒಬಾಮ ಅವರನ್ನೇ ಸೂಚಿಸಿದರು. ಹ್ಯಾಚ್ ವಿಚಾರಣೆಗೆ ಒಪ್ಪಲಿಲ್ಲ.

ನನಗೆ ಹೆಚ್ಚು ನೋವಾಗುವುದು ಇಲ್ಲಿ. ಕರೆದು, ಕೂರಿಸಿ, ಕೇಳಿ, ಬೇಡ ಅನ್ನಬಹುದಿತ್ತು. ಅದು ಸೆನೆಟ್‌ನ ಹಕ್ಕು. ಬಾಗಿಲೇ ತೆರೆಯದಿರುವುದು ಬೇರೆ ಮಾತು.

ಸೆನೆಟ್ ಸುಮ್ನೆ ಕೂತರೆ ಅದು ಸಂವಿಧಾನಕ್ಕೆ ವಿರುದ್ಧ ಅಲ್ವಾ?

ಈ ಬಗ್ಗೆ ಕಾನೂನು ಬಲ್ಲವರೇ ಎರಡು ಪಾಲಾಗಿದ್ದಾರೆ. ಒಪ್ಪಿಗೆ ಕೊಡುವ ಅಧಿಕಾರ ಅಂದರೆ ಕೊಡದಿರುವ ಅಧಿಕಾರವೂ ಸೇರಿತು ಅನ್ನುವುದು ಒಂದು ವಾದ. ಅಧ್ಯಕ್ಷರು ತಮ್ಮ ಕೆಲಸ ಮಾಡಿದ ಮೇಲೆ ಸೆನೆಟ್ ಹೌದು ಅಥವಾ ಇಲ್ಲ ಅಂತ ಹೇಳಲೇಬೇಕು ಅನ್ನುವುದು ಇನ್ನೊಂದು. ಅಕ್ಷರಕ್ಕೆ ಅಕ್ಷರ ನೋಡಿದರೆ ಮೊದಲನೆಯದಕ್ಕೆ ಬಲ ಜಾಸ್ತಿ, ಅದನ್ನು ಒಪ್ಪುತ್ತೇನೆ. ಆದರೆ ಸಂವಿಧಾನ ಬರೀ ಅಕ್ಷರದ ಮೇಲೆ ನಡೆಯುವುದಿಲ್ಲ. ಎದುರಾಳಿಗೂ ನಮಗೂ ಒಂದೇ ಅಳತೆ ಎಂಬ ನಂಬಿಕೆಯ ಮೇಲೆ ನಡೆಯುತ್ತದೆ. 2020ರಲ್ಲಿ ಆ ಅಳತೆಯನ್ನೇ ಬದಲಾಯಿಸಿದರು. ಅದು ಮುಂದೆ ಬರುತ್ತದೆ.

ಒಂದು ವರ್ಷ ಎಂಟೇ ಜನ ಇದ್ದರೆ ಏನು ನಷ್ಟ?

4-4 ಆಗುತ್ತದೆ. ಆಗ ಕೆಳಗಿನ ಕೋರ್ಟಿನ ತೀರ್ಪು ಹಾಗೇ ಉಳಿಯುತ್ತದೆ. ದೇಶಕ್ಕೆಲ್ಲ ಅನ್ವಯಿಸುವ ಉತ್ತರ ಸಿಗುವುದಿಲ್ಲ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಕ್ಯಾಲಿಫೋರ್ನಿಯಾದ ಶಾಲಾ ಶಿಕ್ಷಕಿಯೊಬ್ಬರು ಕೋರ್ಟಿಗೆ ಹೋಗಿದ್ದರು. ನಾನು ಯೂನಿಯನ್ ಸದಸ್ಯಳಲ್ಲ, ಆದರೂ ನನ್ನಿಂದ ಯೂನಿಯನ್ನಿಗೆ ಹಣ ಯಾಕೆ ವಸೂಲಿ ಮಾಡ್ತೀರಿ ಅನ್ನುವುದು ಅವರ ದೂರು. 2016ರ ಜನವರಿಯಲ್ಲಿ ವಾದ ನಡೆದಾಗ ಯೂನಿಯನ್ ಸೋಲುವುದು ಖಚಿತ ಅನ್ನುವಂತಿತ್ತು. ಫೆಬ್ರವರಿಯಲ್ಲಿ ಸ್ಕಲಿಯಾ ಹೋದರು. ಮಾರ್ಚ್ 29ಕ್ಕೆ 4-4. ಯೂನಿಯನ್ ಉಳಿಯಿತು. ಎರಡು ವರ್ಷದ ನಂತರ ಇಲಿನಾಯ್‌ನಿಂದ ಅದೇ ಪ್ರಶ್ನೆ ಇನ್ನೊಂದು ಕೇಸಾಗಿ ಬಂತು. ಆಗ ಗೋರ್ಸಚ್ ಇದ್ದರು. 5-4ರಿಂದ ಯೂನಿಯನ್ ಸೋತಿತು. ಪ್ರಶ್ನೆಯೂ ಅದೇ, ಸಂವಿಧಾನವೂ ಅದೇ. ಬದಲಾಗಿದ್ದು ಕುರ್ಚಿಯಲ್ಲಿ ಕೂತವರು ಮಾತ್ರ.

ಆ ಖಾಲಿ ಕುರ್ಚಿಯಿಂದಲೇ ಟ್ರಂಪ್ ಗೆದ್ದರು ಅಂತಾರೆ. ನಿಜವಾ?

ಅದೊಂದೇ ಕಾರಣ ಅಲ್ಲ, ಆದರೆ ಸಣ್ಣ ಕಾರಣವೂ ಅಲ್ಲ. ಟ್ರಂಪ್ ಮೇಲೆ ಸಂಪ್ರದಾಯಸ್ಥ ಮತದಾರರಿಗೆ ಅನುಮಾನ ಇತ್ತು. ಮೇ ತಿಂಗಳಲ್ಲಿ ಅವರು 11 ಹೆಸರುಗಳ ಪಟ್ಟಿ ಬಿಟ್ಟರು. ಜಡ್ಜ್ ಆಗಬಹುದಾದವರ ಪಟ್ಟಿ. ಅಭ್ಯರ್ಥಿಯೊಬ್ಬರು ಹೀಗೆ ಮೊದಲೇ ಹೆಸರು ಹೇಳಿದ್ದು ಹೊಸದು. ಮತಗಟ್ಟೆ ಸಮೀಕ್ಷೆಯಲ್ಲಿ ಸುಮಾರು ಐವರಲ್ಲಿ ಒಬ್ಬರು ಸುಪ್ರೀಂ ಕೋರ್ಟ್ ನೇಮಕವೇ ತಮಗೆ ಎಲ್ಲಕ್ಕಿಂತ ಮುಖ್ಯ ಎಂದರು. ಅವರಲ್ಲಿ ಹೆಚ್ಚಿನವರು ಟ್ರಂಪ್ ಕಡೆ. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ, ಮೂರೂ ರಾಜ್ಯ ಸೇರಿ ಅವರು ಗೆದ್ದ ಅಂತರ 80 ಸಾವಿರಕ್ಕಿಂತ ಕಡಿಮೆ.

## 2020: ಎಂಟು ದಿನ ಮೊದಲು

ಗಿನ್ಸ್‌ಬರ್ಗ್ ತೀರಿಕೊಂಡಾಗ ಅದೇ ನಿಯಮ ಯಾಕೆ ಹಿಡೀಲಿಲ್ಲ?

ನಿಯಮ ಹಿಡಿಯುವ ಮನಸ್ಸು ಇರಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳಬೇಕಿಲ್ಲ.

2020ರ ಸೆಪ್ಟೆಂಬರ್ 18ರಂದು ಗಿನ್ಸ್‌ಬರ್ಗ್ 87ನೇ ವಯಸ್ಸಿನಲ್ಲಿ ತೀರಿಕೊಂಡರು. ಚುನಾವಣೆಗೆ 46 ದಿನ ಇತ್ತು. ಹೊಸ ಅಧ್ಯಕ್ಷರು ಬರುವ ತನಕ ನನ್ನ ಜಾಗ ತುಂಬಬಾರದು ಅನ್ನುವುದೇ ನನ್ನ ಆಸೆ ಎಂದು ಅವರು ಕೊನೆಯ ದಿನಗಳಲ್ಲಿ ಮೊಮ್ಮಗಳ ಹತ್ತಿರ ಬರೆಸಿದ್ದರು. ಅದೇ ರಾತ್ರಿ ಮಕಾನೆಲ್, ಟ್ರಂಪ್ ಸೂಚಿಸುವವರಿಗೆ ಸೆನೆಟ್‌ನಲ್ಲಿ ವೋಟು ಆಗುತ್ತದೆ ಎಂದು ಹೇಳಿದರು. 26ಕ್ಕೆ ಬ್ಯಾರೆಟ್ ಹೆಸರು ಬಂತು. ಅಕ್ಟೋಬರ್ 12ಕ್ಕೆ ವಿಚಾರಣೆ ಶುರುವಾಯಿತು. ಎರಡನೇ ದಿನ ಒಬ್ಬ ಸೆನೆಟರ್ ನಿಮ್ಮ ಮುಂದಿರುವ ನೋಟ್‌ಪ್ಯಾಡ್ ತೋರಿಸಿ ಎಂದರು. ಬ್ಯಾರೆಟ್ ಎತ್ತಿ ಹಿಡಿದರು. ಮೇಲೆ ಸೆನೆಟ್‌ನ ಹೆಸರು ಬಿಟ್ಟರೆ ಖಾಲಿ ಹಾಳೆ. ಅಕ್ಟೋಬರ್ 26ಕ್ಕೆ 52-48. ರಿಪಬ್ಲಿಕನ್ನರಲ್ಲಿ ಬೇಡ ಎಂದವರು ಸೂಸನ್ ಕಾಲಿನ್ಸ್ ಒಬ್ಬರೇ. ಚುನಾವಣೆಗೆ ಇನ್ನು ಎಂಟೇ ದಿನ. ಆ ಹೊತ್ತಿಗೆ 6 ಕೋಟಿಗೂ ಜಾಸ್ತಿ ಜನ ಮುಂಚಿತವಾಗಿ ವೋಟು ಹಾಕಿ ಆಗಿತ್ತು.

ಮಕಾನೆಲ್ ಕೊಟ್ಟ ವಿವರಣೆ ಹೀಗಿತ್ತು. 2016ರಲ್ಲಿ ಅಧ್ಯಕ್ಷರದ್ದು ಒಂದು ಪಾರ್ಟಿ, ಸೆನೆಟ್‌ನದ್ದು ಇನ್ನೊಂದು. 2020ರಲ್ಲಿ ಎರಡೂ ಒಂದೇ. ಹಾಗಾಗಿ ಎರಡಕ್ಕೂ ಹೋಲಿಕೆ ಇಲ್ಲ. ಈ ಮಾತು ಅವರ ಕಡೆಯಿಂದ 2016ರಲ್ಲೂ ಅಲ್ಲಲ್ಲಿ ಬಂದಿತ್ತು, ಅದನ್ನು ಅಲ್ಲಗಳೆಯುವುದು ತಪ್ಪಾಗುತ್ತದೆ. ಆದರೆ ಆಗ ಜನರ ಮುಂದೆ ದೊಡ್ಡದಾಗಿ ಇಟ್ಟ ಕಾರಣ ಅದಲ್ಲ. ಮತದಾರರ ಮಾತು ನಡೆಯಲಿ ಅನ್ನುವುದೇ ಕಾರಣವಾಗಿತ್ತು. ಸೆನೆಟರ್ ಲಿಂಡ್ಸೆ ಗ್ರಹಾಂ ಇನ್ನೂ ಮುಂದೆ ಹೋಗಿ, ಮುಂದೆ ರಿಪಬ್ಲಿಕನ್ ಅಧ್ಯಕ್ಷರ ಕೊನೆಯ ವರ್ಷದಲ್ಲಿ ಹೀಗಾದರೆ ನನ್ನ ಮಾತನ್ನೇ ನನ್ನ ಮೇಲೆ ಬಳಸಿ ಎಂದಿದ್ದರು. 2020ರಲ್ಲಿ ಬ್ಯಾರೆಟ್ ವಿಚಾರಣೆಯ ಅಧ್ಯಕ್ಷತೆ ವಹಿಸಿದ್ದು ಅವರೇ.

ತನಗೊಂದು ನ್ಯಾಯ, ಪರರಿಗೊಂದು ನ್ಯಾಯ ಅನ್ನುವ ಮಾತು ನಮ್ಮಲ್ಲಿದೆ. ನ್ಯಾಯಾಲಯದ ಕುರ್ಚಿಯ ವಿಷಯದಲ್ಲೇ ಹೀಗಾಯಿತು ಅನ್ನುವುದು ನನ್ನ ಸಂಕಟ.

ಗಿನ್ಸ್‌ಬರ್ಗ್ ಮೊದಲೇ ರಿಟೈರ್ ಆಗಬಹುದಿತ್ತಲ್ವಾ?

ಆಗಬಹುದಿತ್ತು. 2013ರಲ್ಲಿ ಅವರಿಗೆ 80. ಎರಡು ಸಲ ಕ್ಯಾನ್ಸರ್ ಗೆದ್ದಿದ್ದರು. ಅಧ್ಯಕ್ಷರು ಒಬಾಮ, ಸೆನೆಟ್ ಡೆಮಾಕ್ರಟರದ್ದು. ಆ ಜುಲೈನಲ್ಲಿ ಒಬಾಮ ಅವರನ್ನು ಊಟಕ್ಕೆ ಕರೆದರು. ನೇರವಾಗಿ ಕೇಳಲಿಲ್ಲ. ಅವರೂ ಬಿಡಲಿಲ್ಲ. 2014ರ ನವೆಂಬರ್‌ನಲ್ಲಿ ಸೆನೆಟ್ ಕೈತಪ್ಪಿತು. ಅವರ ಮೇಲೆ ನನಗೆ ಅಪಾರ ಗೌರವ. ಆದರೂ ಅದು ತಪ್ಪು ಲೆಕ್ಕ ಅಂತಲೇ ನನಗನಿಸುತ್ತದೆ. 2022ರಲ್ಲಿ ಸ್ಟೀಫನ್ ಬ್ರೇಯರ್ ಆ ತಪ್ಪು ಮಾಡಲಿಲ್ಲ. 83ಕ್ಕೆ ಬಿಟ್ಟುಕೊಟ್ಟರು.

ಬ್ಯಾರೆಟ್ ಬಂದಿದ್ದರಿಂದ ಏನು ಬದಲಾಯಿತು?

ಗರ್ಭಪಾತದ ಹಕ್ಕು ಹೋಯಿತು. ಆ ಹಕ್ಕು ಕೊಟ್ಟಿದ್ದ 1973ರ ರೋ ತೀರ್ಪನ್ನು 2022ರ ಜೂನ್ 24ರಂದು ಕೋರ್ಟ್ ರದ್ದು ಮಾಡಿತು. ಪೂರ್ತಿ ರದ್ದಿಗೆ ಸಹಿ ಹಾಕಿದವರು ಐವರು. ಅದರಲ್ಲಿ ಗೋರ್ಸಚ್ ಒಬ್ಬರು, ಬ್ಯಾರೆಟ್ ಒಬ್ಬರು. ಎರಡು ಚುನಾವಣೆ ವರ್ಷದ ಎರಡು ಕುರ್ಚಿಗಳು. ಒಂದಾದರೂ ಬೇರೆ ಕಡೆಗೆ ಹೋಗಿದ್ದರೆ ಆ ಐದು ನಾಲ್ಕಾಗುತ್ತಿತ್ತು.

ಹೆದರಿದ್ದೆಲ್ಲ ನಡೆಯಲಿಲ್ಲ ಅನ್ನುವುದನ್ನೂ ಹೇಳಬೇಕು. ಒಬಾಮ ಕಾಲದ ಆರೋಗ್ಯ ವಿಮೆ ಕಾನೂನನ್ನು ಬ್ಯಾರೆಟ್ ಕೆಡವುತ್ತಾರೆ ಎಂದು ಡೆಮಾಕ್ರಟರು ಭಯಪಟ್ಟಿದ್ದರು. ಕಮಿಟಿ ವೋಟಿನ ದಿನ ತಾವು ಬಾರದೆ, ತಮ್ಮ ಕುರ್ಚಿಗಳ ಮೇಲೆ ಆ ವಿಮೆಯಿಂದ ಬದುಕಿಕೊಂಡವರ ದೊಡ್ಡ ಫೋಟೋಗಳನ್ನು ಇಟ್ಟಿದ್ದರು. 2021ರಲ್ಲಿ ತೀರ್ಪು ಬಂತು. 7-2ರಿಂದ ಕಾನೂನು ಉಳಿಯಿತು. ಉಳಿಸಿದ ಏಳರಲ್ಲಿ ಬ್ಯಾರೆಟ್ ಇದ್ದರು.

ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೆ ಇದರಿಂದ ಏನು?

ನೇರ ಸಂಬಂಧ ಇದೆ. 2025ರ ಜನವರಿ 20ರಂದು ಟ್ರಂಪ್ ಒಂದು ಆದೇಶ ಹೊರಡಿಸಿದರು. ಅಪ್ಪ ಅಲ್ಲಿನ ಪ್ರಜೆಯೋ ಗ್ರೀನ್ ಕಾರ್ಡ್ ಇರುವವರೋ ಅಲ್ಲದಿದ್ದು, ಅಮ್ಮ ತಾತ್ಕಾಲಿಕ ವೀಸಾದಲ್ಲಿದ್ದರೆ, ಅಲ್ಲಿ ಹುಟ್ಟುವ ಮಗುವಿಗೆ ಪೌರತ್ವ ಇಲ್ಲ ಎಂಬ ಆದೇಶ. ಎಚ್-1ಬಿ ವೀಸಾದಲ್ಲಿರುವ ಎಷ್ಟೋ ಕನ್ನಡದ ದಂಪತಿಗಳು ಈ ಲೆಕ್ಕಕ್ಕೆ ಬರುತ್ತಾರೆ. ಬಾಣಂತನಕ್ಕೆ ಹೊರಟ ಅಮ್ಮಂದಿರು ನನಗೆ ಫೋನ್ ಮಾಡಿ ಕೇಳಿದ್ದು ಇದನ್ನೇ.

ಕೆಳಗಿನ ಕೋರ್ಟುಗಳು ಆದೇಶವನ್ನು ಇಡೀ ದೇಶಕ್ಕೆ ತಡೆದವು. 2025ರ ಜೂನ್ 27ರಂದು ಸುಪ್ರೀಂ ಕೋರ್ಟ್ 6-3ರಿಂದ, ಒಬ್ಬ ಜಡ್ಜ್ ಹೀಗೆ ದೇಶಕ್ಕೆಲ್ಲ ಅನ್ವಯಿಸುವ ತಡೆ ಕೊಡುವುದು ಅಧಿಕಾರ ಮೀರಿದ್ದು ಎಂದಿತು. ಪೌರತ್ವದ ಆದೇಶ ಸರಿಯೋ ತಪ್ಪೋ ಅನ್ನುವುದನ್ನು ಆ ತೀರ್ಪು ಮುಟ್ಟಲಿಲ್ಲ. ಅದನ್ನು ಬರೆದವರು ಬ್ಯಾರೆಟ್. ಚುನಾವಣೆಗೆ ಎಂಟು ದಿನ ಇರುವಾಗ ತುಂಬಿದ ಕುರ್ಚಿ ಐದು ವರ್ಷದೊಳಗೆ ನಮ್ಮವರ ಹೆರಿಗೆ ಕೋಣೆಯ ತನಕ ಬಂತು.

## ಇತಿಹಾಸ ಮತ್ತು ಒಳಸುಳಿ

ಬರೀ ರಿಪಬ್ಲಿಕನ್ನರನ್ನು ಬೈತೀರಲ್ಲ, ಡೆಮಾಕ್ರಟರು ಸಾಚಾನಾ?

ಅಲ್ಲ. 1992ರ ಜೂನ್‌ನಲ್ಲಿ, ಚುನಾವಣೆ ವರ್ಷದಲ್ಲೇ, ಕಮಿಟಿಯ ಅಧ್ಯಕ್ಷರಾಗಿದ್ದ ಜೋ ಬೈಡನ್ ಸೆನೆಟ್‌ನಲ್ಲಿ ಭಾಷಣ ಮಾಡಿದರು. ಈಗ ಜಾಗ ಖಾಲಿಯಾದರೆ ರಿಪಬ್ಲಿಕನ್ ಅಧ್ಯಕ್ಷ ಹಿರಿಯ ಬುಷ್, ಚುನಾವಣೆ ಮುಗಿಯುವ ತನಕ ಕಾಯಲಿ ಎಂದರು. ಜಾಗ ಖಾಲಿಯಾಗಲಿಲ್ಲ, ಮಾತು ಅಲ್ಲಿಗೇ ನಿಂತಿತು. ಆದರೆ 24 ವರ್ಷದ ನಂತರ ಮಕಾನೆಲ್ ಅದಕ್ಕೆ "ಬೈಡನ್ ರೂಲ್" ಎಂದು ಹೆಸರಿಟ್ಟು ಝಳಪಿಸಿದರು. ಆಡಿದ ಮಾತು ಎಲ್ಲೂ ಹೋಗುವುದಿಲ್ಲ. 1987ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ರೇಗನ್ ಸೂಚಿಸಿದ್ದ ರಾಬರ್ಟ್ ಬೋರ್ಕ್ ಅವರನ್ನು 42-58ರಿಂದ ಸೋಲಿಸಿದ್ದು ಕೂಡ ಡೆಮಾಕ್ರಟ್ ಸೆನೆಟ್. ಅದರ ಗಾಯ ರಿಪಬ್ಲಿಕನ್ನರಲ್ಲಿ ಇನ್ನೂ ಹಸಿ ಇದೆ. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು: ಬೋರ್ಕ್‌ಗೆ ವಿಚಾರಣೆಯೂ ಸಿಕ್ಕಿತು, ವೋಟೂ ಸಿಕ್ಕಿತು.

ಫಿಲಿಬಸ್ಟರ್ ಅಂತಾರಲ್ಲ, ಅದು ಏನು? ಈಗ ಯಾಕಿಲ್ಲ?

ಸೆನೆಟ್‌ನಲ್ಲಿ ಚರ್ಚೆ ಮುಗಿಸಲು 60 ವೋಟು ಬೇಕಿತ್ತು. ಅಲ್ಪಮತದವರು ಚರ್ಚೆ ಮುಗಿಯಲು ಬಿಡದೆ ನೇಮಕ ತಡೆಯಬಹುದಿತ್ತು. 2013ರ ನವೆಂಬರ್‌ನಲ್ಲಿ ಡೆಮಾಕ್ರಟ್ ನಾಯಕ ಹ್ಯಾರಿ ರೀಡ್ ಕೆಳಗಿನ ಕೋರ್ಟುಗಳ ನೇಮಕಕ್ಕೆ ಇದನ್ನು ತೆಗೆದುಹಾಕಿದರು. ಇದಕ್ಕೆ ನೀವು ಪಶ್ಚಾತ್ತಾಪ ಪಡುತ್ತೀರಿ, ಅದೂ ಬೇಗನೇ, ಎಂದು ಮಕಾನೆಲ್ ಅವತ್ತೇ ಎಚ್ಚರಿಸಿದ್ದರು. 2017ರ ಏಪ್ರಿಲ್ 6ರಂದು ಗೋರ್ಸಚ್‌ಗಾಗಿ ಅವರೇ ಸುಪ್ರೀಂ ಕೋರ್ಟಿಗೂ ತೆಗೆದರು. ಬ್ಯಾರೆಟ್‌ಗೆ 60 ಬೇಕಾಗಿದ್ದರೆ ಅವರು ಬರುತ್ತಿರಲಿಲ್ಲ. ಬೇಲಿಗೆ ಮೊದಲ ಕೊಡಲಿ ಏಟು ಹಾಕಿದವರು ಡೆಮಾಕ್ರಟರು. ಪೂರ್ತಿ ಕಿತ್ತವರು ರಿಪಬ್ಲಿಕನ್ನರು.

ಹಿಂದೆಲ್ಲ ಚುನಾವಣೆ ವರ್ಷದಲ್ಲಿ ಏನು ಮಾಡ್ತಿದ್ರು?

ತುಂಬುತ್ತಿದ್ದರು. 1916ರಲ್ಲಿ ವುಡ್ರೋ ವಿಲ್ಸನ್ ಲೂಯಿಸ್ ಬ್ರಾಂಡೈಸ್ ಅವರನ್ನು ಸೂಚಿಸಿದರು. ಮೊದಲ ಯಹೂದಿ ಜಡ್ಜ್. ನಾಲ್ಕು ತಿಂಗಳು ಗುದ್ದಾಟ ನಡೆಯಿತು, ಆದರೂ ಜೂನ್ 1ಕ್ಕೆ 47-22ರಿಂದ ಒಪ್ಪಿದರು. ಅದೇ ಜೂನ್‌ನಲ್ಲಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಕೋರ್ಟು ಬಿಟ್ಟು ವಿಲ್ಸನ್ ವಿರುದ್ಧವೇ ಚುನಾವಣೆಗೆ ನಿಂತರು! ಅವರು ಬಿಟ್ಟ ಜಾಗವನ್ನೂ ವಿಲ್ಸನ್ ಜುಲೈನಲ್ಲಿ ತುಂಬಿದರು. ಸೆನೆಟ್ ಹತ್ತೇ ದಿನದಲ್ಲಿ ಒಪ್ಪಿತು.

1932ರಲ್ಲಿ ರಿಪಬ್ಲಿಕನ್ ಹೂವರ್ ಡೆಮಾಕ್ರಟ್ ಆಗಿದ್ದ ಬೆಂಜಮಿನ್ ಕಾರ್ಡೋಜೊ ಅವರನ್ನು ಸೂಚಿಸಿದರು. ಒಂಬತ್ತು ದಿನದಲ್ಲಿ ಒಪ್ಪಿಗೆ. 1956ರ ಅಕ್ಟೋಬರ್‌ನಲ್ಲಿ, ಚುನಾವಣೆಗೆ ವಾರಗಳು ಇರುವಾಗ, ಐಸೆನ್‌ಹೋವರ್ ಕೂಡ ಎದುರು ಪಾರ್ಟಿಯ ವಿಲಿಯಂ ಬ್ರೆನ್ನನ್ ಅವರನ್ನು ಕೂರಿಸಿದರು. ಸೆನೆಟ್ ಬಿಡುವಿನಲ್ಲಿತ್ತು, ಒಪ್ಪಿಗೆ ಮರುವರ್ಷ ಸಿಕ್ಕಿತು. 1988ರ ಫೆಬ್ರವರಿಯಲ್ಲಿ ಡೆಮಾಕ್ರಟ್ ಸೆನೆಟ್ ರೇಗನ್ ಸೂಚಿಸಿದ ಆಂಟನಿ ಕೆನಡಿ ಅವರನ್ನು 97-0ರಿಂದ ಒಪ್ಪಿತು. ಆ ಜಾಗ ಖಾಲಿಯಾಗಿದ್ದು ಮಾತ್ರ ಹಿಂದಿನ ವರ್ಷ.

ಲಿಂಕನ್ ಮಾಡಿದ್ದು ಬೇರೆ. 1864ರ ಅಕ್ಟೋಬರ್ 12ಕ್ಕೆ ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ತೀರಿಕೊಂಡರು. ಲಿಂಕನ್ ಕಾದರು. ಗೆದ್ದ ಮೇಲೆ ಡಿಸೆಂಬರ್‌ನಲ್ಲಿ ಸಾಮನ್ ಚೇಸ್ ಹೆಸರು ಕಳಿಸಿದರು. ಅವತ್ತೇ ಒಪ್ಪಿಗೆಯಾಯಿತು. 1801ರಲ್ಲಿ ಜಾನ್ ಆಡಮ್ಸ್ ಸೋತು ಮನೆಗೆ ಹೊರಡುವ ಮೊದಲು ಜಾನ್ ಮಾರ್ಷಲ್ ಅವರನ್ನು ಕೂರಿಸಿದರು. ಮಾರ್ಷಲ್ 34 ವರ್ಷ ಕೂತರು. ಅಮೆರಿಕದ ಕೋರ್ಟಿಗೆ ಇವತ್ತಿನ ಬಲ ಬಂದಿದ್ದೇ ಅವರಿಂದ.

"ಥರ್ಮಂಡ್ ರೂಲ್" ಅಂದ್ರೆ ಏನು?

1968ರ ಜೂನ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಬಿಡುವುದಾಗಿ ತಿಳಿಸಿದರು. ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದಿದ್ದ ಅಧ್ಯಕ್ಷ ಜಾನ್ಸನ್ ತಮ್ಮ ಆಪ್ತ, ಆಗಲೇ ಜಡ್ಜ್ ಆಗಿದ್ದ ಏಬ್ ಫೋರ್ಟಸ್ ಅವರಿಗೆ ಬಡ್ತಿ ಕೊಡಲು ಹೊರಟರು. ಸೆನೆಟರ್ ಸ್ಟ್ರಾಮ್ ಥರ್ಮಂಡ್ ಮತ್ತು ಜೊತೆಗಾರರು ಅಡ್ಡಗಟ್ಟಿದರು. ಅಕ್ಟೋಬರ್ 1ರಂದು ಚರ್ಚೆ ಮುಗಿಸಲು ಬೇಕಾದ ವೋಟು ಸಿಗಲಿಲ್ಲ, ಜಾನ್ಸನ್ ಹೆಸರು ಹಿಂಪಡೆದರು. ಗೆದ್ದು ಬಂದ ನಿಕ್ಸನ್ ವಾರನ್ ಬರ್ಗರ್ ಅವರನ್ನು ನೇಮಿಸಿದರು. ಅಲ್ಲಿಂದ "ಅವಧಿಯ ಕೊನೆಯಲ್ಲಿ ನೇಮಕ ಬೇಡ" ಅನ್ನುವುದಕ್ಕೆ ಈ ಹೆಸರು ಬಂತು. ಎಲ್ಲೂ ಬರೆದಿಟ್ಟ ನಿಯಮ ಅಲ್ಲ. ಬೇಕಾದಾಗ ತೆಗೆಯುತ್ತಾರೆ, ಬೇಡವಾದಾಗ ಮಡಚಿಡುತ್ತಾರೆ.

ನಮ್ಮಲ್ಲಿ ಇಂಥ ಜಗಳ ಯಾಕೆ ಆಗಲ್ಲ?

ನಮ್ಮಲ್ಲಿ ಹೆಸರು ಆರಿಸುವುದು ಹಿರಿಯ ಜಡ್ಜ್‌ಗಳ ಕೊಲಿಜಿಯಂ. ಸಂಸತ್ತು ವೋಟು ಹಾಕುವುದಿಲ್ಲ. ರಿಟೈರ್ ಆಗುವ ದಿನ ಮೊದಲೇ ಗೊತ್ತು. ಹಾಗಾಗಿ ಚುನಾವಣೆ ವರ್ಷದ ಪ್ರಶ್ನೆ ಹೀಗೆ ಏಳುವುದಿಲ್ಲ.

ಆದರೆ ಜಗಳವೇ ಇಲ್ಲ ಅಂದುಕೊಳ್ಳಬೇಡಿ. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ತೀರ್ಪು ಬಂತು. ಎಡನೀರು ಮಠದ ಸ್ವಾಮೀಜಿ ಹಾಕಿದ ಕೇಸು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಅಂದ ತೀರ್ಪು ಅದು. ಮರುದಿನವೇ ಇಂದಿರಾ ಗಾಂಧಿ ಸರ್ಕಾರ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಎಂದು ಘೋಷಿಸಿತು. ದಾಟಿಹೋದ ಮೂವರಲ್ಲಿ ಒಬ್ಬರು ನಮ್ಮ ಕಾರ್ಕಳ ಸೀಮೆಯ ಕೌಡೂರಿನ ಕೆ.ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಕೊಲಿಜಿಯಂ ಹುಟ್ಟಲು ಆ ಕಾಲದ ಕಹಿಯೂ ಒಂದು ಕಾರಣ. ಈಗಲೂ ಶಿಫಾರಸಾದ ಹೆಸರುಗಳು ಸರ್ಕಾರದ ಕಡತದಲ್ಲಿ ತಿಂಗಳುಗಟ್ಟಲೆ ಕೂರುವುದುಂಟು. ಅಲ್ಲಿ ಕ್ಯಾಮೆರಾ ಮುಂದೆ ಆಗುವ ಎಳೆದಾಟ ನಮ್ಮಲ್ಲಿ ಕಡತದೊಳಗೆ ಆಗುತ್ತದೆ.

ಅಲ್ಲಿನ ರಾಜ್ಯಗಳ ಕೋರ್ಟುಗಳಲ್ಲೂ ಹೀಗೇನಾ?

ಹಲವು ರಾಜ್ಯಗಳಲ್ಲಿ ಜಡ್ಜ್‌ಗಳನ್ನು ಜನರೇ ವೋಟು ಹಾಕಿ ಆರಿಸುತ್ತಾರೆ. 2025ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್‌ನ ಒಂದೇ ಕುರ್ಚಿಗೆ ಎರಡೂ ಕಡೆಯವರು ಕೋಟಿಗಟ್ಟಲೆ ಡಾಲರ್ ಸುರಿದರು. ಅದಕ್ಕೆ ಬೇರೆಯೇ ಬರೆಯಬೇಕು.

ಜಡ್ಜ್‌ಗಳ ಸಂಖ್ಯೆ ಜಾಸ್ತಿ ಮಾಡಿದರೆ ಆಗಲ್ವಾ?

ಕಾನೂನಿನ ಪ್ರಕಾರ ಆಗುತ್ತದೆ. ಒಂಬತ್ತು ಅನ್ನುವುದು ಸಂವಿಧಾನದಲ್ಲಿಲ್ಲ. 1866ರಲ್ಲಿ ಸಂಸತ್ತು ಕೋರ್ಟನ್ನು ಏಳಕ್ಕೆ ಇಳಿಸಲು ಕಾನೂನು ಮಾಡಿತು, ಅಧ್ಯಕ್ಷ ಆಂಡ್ರೂ ಜಾನ್ಸನ್‌ಗೆ ನೇಮಕದ ಅವಕಾಶವೇ ಸಿಗದಂತಾಯಿತು. ಅವರು ಹೋದ ಮೇಲೆ ಮತ್ತೆ ಒಂಬತ್ತು ಮಾಡಿದರು. 1937ರಲ್ಲಿ ರೂಸ್‌ವೆಲ್ಟ್ ಆರು ಜನರ ತನಕ ಸೇರಿಸಲು ಹೋದಾಗ ಅವರ ಪಾರ್ಟಿಯವರೇ ಒಪ್ಪಲಿಲ್ಲ. ನನಗೂ ಇದು ಬೇಡ. ಇವತ್ತು ಇವರು ನಾಲ್ಕು ಸೇರಿಸಿದರೆ ನಾಳೆ ಅವರು ಆರು ಸೇರಿಸುತ್ತಾರೆ.

ಹಾಗಾದರೆ ಪರಿಹಾರ ಏನು ಅಂತ ನಿಮಗನಿಸುತ್ತೆ?

18 ವರ್ಷದ ಅವಧಿ. ಒಂಬತ್ತು ಜನ, ಎರಡು ವರ್ಷಕ್ಕೊಬ್ಬರಂತೆ ಬದಲಾಗಲಿ. ಪ್ರತಿ ಅಧ್ಯಕ್ಷರಿಗೂ ನಾಲ್ಕು ವರ್ಷಕ್ಕೆ ಎರಡು ನೇಮಕ. ಯಾರ ಸಾವಿಗೂ ಯಾರೂ ಕಾಯಬೇಕಿಲ್ಲ. ವಯಸ್ಸಾದ ಜಡ್ಜ್ ಆಸ್ಪತ್ರೆಗೆ ಸೇರಿದ ತಕ್ಷಣ ಅರ್ಧ ದೇಶ ಉಸಿರು ಬಿಗಿಹಿಡಿದು ಲೆಕ್ಕ ಹಾಕುವುದು ನಿಲ್ಲುತ್ತದೆ. 2024ರ ಜುಲೈನಲ್ಲಿ ಬೈಡನ್ ಇದನ್ನೇ ಪ್ರಸ್ತಾಪಿಸಿದರು, ಮುಂದೆ ಹೋಗಲಿಲ್ಲ. ಕಷ್ಟ ಇರುವುದು ಇಲ್ಲಿ: ಸಂವಿಧಾನ ತಿದ್ದುವುದಾದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು, 50ರಲ್ಲಿ 38 ರಾಜ್ಯ ಒಪ್ಪಬೇಕು. ತಿದ್ದುಪಡಿ ಇಲ್ಲದೆ ಬರೀ ಕಾನೂನಿನಿಂದ ಮಾಡಬಹುದು ಅನ್ನುವವರೂ ಇದ್ದಾರೆ. ಆದರೆ ಅದು ಸರಿಯೇ ಎಂದು ಕೊನೆಗೆ ಹೇಳಬೇಕಾದ್ದು ಅದೇ ಒಂಬತ್ತು ಜನ.

ಮುಂದೆ ಚುನಾವಣೆ ವರ್ಷದಲ್ಲಿ ಮತ್ತೆ ಕುರ್ಚಿ ಖಾಲಿಯಾದರೆ ಏನಾಗುತ್ತೆ?

ಅಧ್ಯಕ್ಷರೂ ಸೆನೆಟ್ಟೂ ಒಂದೇ ಪಾರ್ಟಿಯಾಗಿದ್ದರೆ ಕೆಲವೇ ವಾರದಲ್ಲಿ ತುಂಬುತ್ತಾರೆ. ಬೇರೆ ಬೇರೆ ಆಗಿದ್ದರೆ ಜನವರಿಯ ತನಕ ಖಾಲಿ ಇಡುತ್ತಾರೆ. ಇದು ನನ್ನ ಊಹೆ ಅಲ್ಲ. 2019ರ ಮೇ ತಿಂಗಳಲ್ಲಿ, ಗಿನ್ಸ್‌ಬರ್ಗ್ ಇನ್ನೂ ಬದುಕಿದ್ದಾಗಲೇ, ಕೆಂಟಕಿಯ ಒಂದು ಸಭೆಯಲ್ಲಿ ಮಕಾನೆಲ್‌ಗೆ ಕೇಳಿದರು: 2020ರಲ್ಲಿ ಜಾಗ ಖಾಲಿಯಾದರೆ ಏನು ಮಾಡ್ತೀರಿ? ತುಂಬುತ್ತೇವೆ ಎಂದರು. 2021ರ ಜೂನ್‌ನಲ್ಲಿ ಮತ್ತೆ ಕೇಳಿದರು: ಸೆನೆಟ್ ನಿಮ್ಮ ಕೈಗೆ ಬಂದು, 2024ರಲ್ಲಿ ಬೈಡನ್ ಇರುವಾಗ ಖಾಲಿಯಾದರೆ? ತುಂಬುವ ಸಾಧ್ಯತೆ ತೀರಾ ಕಡಿಮೆ ಎಂದರು.